ಐರಿಷ್ ಶಾಲೆಯೂ ನಮ್ಮ ಮಾವನವರ ಕಾಯಂ ಚಿಂತೆಯೂ

ಕೆಲವರಿಗೆ ನೆಗಡಿ ಬೇಗ ಹತ್ತಿಕೊಳ್ಳುತ್ತದೆ. ನನಗೆ ನಗೆಪಾಟಲು ಹತ್ತಿಕೊಳ್ಳುತ್ತದೆ. ಅದರಲ್ಲೂ ಈ ಶಾಲೆಗೆ ಸೇರಿದ ಮೇಲೆ ಹಬ್ಬಕ್ಕೊಂದರಂತೆ ಬಂದು ಹೋಗಿದೆ. ಇಲ್ಲಿ ಹಬ್ಬಗಳಿಗಂತೂ ಬರವಿಲ್ಲ.

ನಾವಿರುವುದು ಫಾಸ್ಟರ್ ಸಿಟಿಯಲ್ಲಿ. ಫ್ರೀವೇ ದಾಟಿದರೆ ಒಂದು ಸಣ್ಣ ಪ್ರೈಮರಿ ಶಾಲೆಯಿದೆ. ಹಿಂದೆ ಯಾವಾಗಲೋ ಐರ್ಲೆಂಡಿನಿಂದ ಬಂದ ಕ್ರೈಸ್ತ ಸನ್ಯಾಸಿನಿಯರು ಕಟ್ಟಿದ್ದು. ಅವರೆಲ್ಲ ಈಗಿಲ್ಲ, ಆದರೆ ಪ್ರಿನ್ಸಿಪಾಲರು ಐರ್ಲೆಂಡಿನ ಹೆಂಗಸೇ. ಕೆಂಪು ಕೆನ್ನೆ, ದೊಡ್ಡ ದನಿ, ಕೈಯಲ್ಲಿ ಸದಾ ಟೀ ಕಪ್ಪು. ನನ್ನ ಮಗಳು ಅಲ್ಲಿ ಎರಡನೇ ಕ್ಲಾಸು. ಕಳೆದ ಆಗಸ್ಟಿನಲ್ಲಿ ಅದೇ ಕ್ಲಾಸಿನ ಟೀಚರಿಗೆ ಸಹಾಯಕಿಯಾಗಿ ನಾನೂ ಸೇರಿದೆ. ಮಾರ್ಚಿನಲ್ಲಿ ಬರುವ ಸೇಂಟ್ ಪ್ಯಾಟ್ರಿಕ್ ಹಬ್ಬದವರೆಗೆ ನೋಡುತ್ತಾರಂತೆ. ಸರಿಬಂದರೆ ಇಟ್ಟುಕೊಳ್ಳುತ್ತಾರೆ, ಇಲ್ಲವಾದರೆ ಟೀ ಕುಡಿಸಿ ಕಳಿಸುತ್ತಾರೆ. ಮದುವೆಯಾಗಿ ಈ ದೇಶಕ್ಕೆ ಬಂದಮೇಲೆ ವೀಸಾದ ದೆಸೆಯಿಂದ ವರ್ಷಗಟ್ಟಲೆ ಮನೆಯಲ್ಲೇ ಕೂತವಳು ನಾನು. ಈ ಕೆಲಸ ನನಗೆ ಬೇಕೇ ಬೇಕಾಗಿತ್ತು.

ನನಗಿಂತ ಹೆಚ್ಚಾಗಿ ನಮ್ಮ ಮಾವನವರಿಗೆ ಬೇಕಾಗಿತ್ತು. ಹಾಸನದ ಕಡೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿ, ಈಚೆಗೆ ನಮ್ಮ ಜೊತೆಗಿರಲು ಬಂದವರು. ಅವರ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿ, ಕೆಲಸ ಕಾಯಂ ಆದವರು ಮತ್ತು ಆಗದವರು. ನಾನು ಸಂಜೆ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತಿತ್ತು.

"ಏನಮ್ಮಾ, ಕಾಯಂ ಆಯ್ತಾ?"

"ಇಲ್ಲ ಮಾವ. ಮಾರ್ಚಿನ ತನಕ ಕಾಯ್ಬೇಕು."

"ಕಾದೂ ಕಾದೂ ಆಗೋದಕ್ಕೇ ಕಾಯಂ ಅನ್ನೋದು. ಅಲ್ಲಿವರೆಗೆ ಏನೂ ಎಡವಟ್ಟು ಮಾಡ್ಕೋಬೇಡ."

ಎಡವಟ್ಟುಗಳಲ್ಲಿ ಅರ್ಧ ಅವರವೇ ಆಗಿದ್ದವು ಎಂಬುದನ್ನು ಮುಂದೆ ನೀವೇ ನೋಡುತ್ತೀರಿ.

ಗ್ರ್ಯಾಂಡ್

ಅಕ್ಟೋಬರಿನಲ್ಲಿ ಕ್ಲಾಸಿನಲ್ಲಿ ಸುಗ್ಗಿಯ ಪಾರ್ಟಿ. ಪ್ರಿನ್ಸಿಪಾಲರು ಬಾಗಿಲಲ್ಲಿ ತಲೆ ಹಾಕಿ, ಮಕ್ಕಳಿಗೆ ತಿನ್ನಲು ಏನಾದರೂ ತರುತ್ತೀಯಾ ಎಂದು ಕೇಳಿದರು. ಏನು ತರಲಿ ಎಂದೆ. "ಎನಿಥಿಂಗ್ ವುಡ್ ಬಿ ಗ್ರ್ಯಾಂಡ್," ಎಂದು ಹೇಳಿ ಹೋದರು.

ನಮ್ಮಲ್ಲಿ ಗ್ರ್ಯಾಂಡ್ ಅಂದರೆ ಏನು? ಮದುವೆ ಗ್ರ್ಯಾಂಡಾಗಿತ್ತು, ಸೀರೆ ಗ್ರ್ಯಾಂಡಾಗಿದೆ, ಅಷ್ಟೇ ತಾನೆ? ಬಾಯಿಬಿಟ್ಟು ಗ್ರ್ಯಾಂಡಾಗಿ ಮಾಡು ಎಂದಿದ್ದಾರೆ, ಕೆಲಸ ಬೇರೆ ಕಾಯಂ ಆಗಬೇಕು. ನಾನು ಟೊಂಕ ಕಟ್ಟಿದೆ. ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಿಂದ ಬಾಳೆ ಎಲೆ ಬಂತು. ಬಿಸಿಬೇಳೆಬಾತು, ಕೋಸಂಬರಿ, ಬಾದಾಮಿ ಹಾಲಿನಲ್ಲಿ ನೆನೆಸಿದ ಚಿರೋಟಿ ತಯಾರಾದವು. ಕ್ಲಾಸಿನ ಬಾಗಿಲಿಗೆ ಮಾವನವರು ತೋರಣ ಕಟ್ಟಿಕೊಟ್ಟರು. ನಾನು ಕೆಂಪು ಮೈಸೂರು ಸಿಲ್ಕು ಉಟ್ಟು, ಮಲ್ಲಿಗೆ ಮುಡಿದು, ಮಕ್ಕಳನ್ನು ಸಾಲಾಗಿ ಕೂರಿಸಿ ಎಲೆ ಹಾಕಿ ಬಡಿಸತೊಡಗಿದೆ.

ಬೇರೆ ಅಮ್ಮಂದಿರು ಬಿಸ್ಕತ್ತಿನ ಪ್ಯಾಕೆಟ್ಟು ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಪ್ರಿನ್ಸಿಪಾಲರು ಬಂದರು, ತೋರಣ ನೋಡಿದರು, ನನ್ನ ಜರಿ ಸೆರಗು ನೋಡಿದರು, ಟೀ ಕಪ್ಪು ಮೇಜಿನ ಮೇಲಿಟ್ಟರು. ಅವರು ಕಪ್ಪು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಊರಿನಲ್ಲಿ ಗ್ರ್ಯಾಂಡ್ ಎಂದರೆ 'ಏನಾದರೂ ನಡೆಯುತ್ತೆ, ತೊಂದರೆಯಿಲ್ಲ' ಎಂದಷ್ಟೇ ಅರ್ಥವೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಒಬ್ಬ ಅಮ್ಮ ಹತ್ತಿರ ಬಂದು ನನ್ನ ಕೈ ಕುಲುಕಿ, ಮದುವೆ ಗಂಡು ಎಲ್ಲಿದ್ದಾನೆ ಎಂದು ಕೇಳಿದಳು.

ಮೂವರು ರಾಜರು

ಡಿಸೆಂಬರಿನಲ್ಲಿ ಕ್ರಿಸ್ಮಸ್ ನಾಟಕ. ಬಾಲಯೇಸುವನ್ನು ನೋಡಲು ಪೂರ್ವದಿಂದ ಮೂವರು ರಾಜರು ಬರುತ್ತಾರಲ್ಲ, ಅವರನ್ನು ತಯಾರು ಮಾಡುವ ಕೆಲಸ ನನ್ನದು. ಕಿರೀಟಕ್ಕೆ ತಂದ ಬಂಗಾರದ ಕಾಗದ ಕೈಗೆ ಬಂದಂತೆ ಹರಿಯುತ್ತಿತ್ತು. ಮಾವನವರು, "ಪೂರ್ವದಿಂದ ಬಂದ ರಾಜರು ತಾನೆ? ಅದು ನಮ್ಮ ಕಡೇನೇ ಆಯ್ತು, ಬಿಡು," ಎಂದು ತಮ್ಮ ಶಲ್ಯಗಳನ್ನು ತಂದು ಮೂವರಿಗೂ ಮೈಸೂರು ಪೇಟ ಸುತ್ತಿದರು. ಅಷ್ಟಕ್ಕೇ ಬಿಡಬಾರದೇ? ಮಹಾತ್ಮರ ದರ್ಶನಕ್ಕೆ ಹೋದವರು ಬರಿದೇ ತಲೆಬಾಗಿಸುವುದು ಏನು ಚೆಂದ ಎಂದು, ಸಾಷ್ಟಾಂಗ ನಮಸ್ಕಾರವನ್ನೂ ಹೇಳಿಕೊಟ್ಟರು.

ನಾಟಕದ ದಿನ ತೊಟ್ಟಿಲನ್ನು ಸ್ಟೇಜಿನ ತುದಿಯಲ್ಲಿ, ಜನರಿಗೆ ಕಾಣಲಿ ಎಂದು ಇಟ್ಟಿದ್ದರು. ಮೂವರು ಪೇಟದ ರಾಜರು ಗಂಭೀರವಾಗಿ ನಡೆದು ಬಂದು ದಬ್ಬೆಂದು ಉದ್ದಕ್ಕೆ ಬಿದ್ದರು. ಪೇಟಗಳು ಕಣ್ಣಿನ ಮೇಲೆ ಜಾರಿದವು, ಏಳಲು ಒಬ್ಬನಿಗೂ ದಾರಿ ಕಾಣಲಿಲ್ಲ. ಅವರನ್ನು ನೋಡಿ ಕುರುಬರು ಬಿದ್ದರು. ಕುರುಬರನ್ನು ನೋಡಿ, ಕತ್ತೆಯಾಗಿದ್ದ ನನ್ನ ಮಗಳೂ ಬಿದ್ದಳು. ತೊಟ್ಟಿಲಿನ ನೇರಕ್ಕೆ, ಎದುರಿನ ಮೊದಲನೇ ಸಾಲಿನಲ್ಲೇ ಮಾವನವರು ಕೂತಿದ್ದರು. ಇಷ್ಟು ಮಕ್ಕಳು ಒಟ್ಟಿಗೆ ಕಾಲಿಗೆ ಬಿದ್ದರೆ ಹಿರಿಯರಾದವರು ಸುಮ್ಮನಿರುವುದು ಹೇಗೆ? ಅಭ್ಯಾಸಬಲದಿಂದ ಎದ್ದು ನಿಂತು, ಎರಡೂ ಕೈ ಎತ್ತಿ, "ಒಳ್ಳೇದಾಗಲಿ, ಒಳ್ಳೇದಾಗಲಿ, ಏಳಿ," ಎಂದರು. ಹಾಲ್ ತುಂಬ ಚಪ್ಪಾಳೆ.

ನಾಟಕ ಮುಗಿದ ಮೇಲೆ ಇಬ್ಬರು ಅಜ್ಜಿಯರು ಅವರ ಬಳಿ ಬಂದು, ದೇವರ ಪಾತ್ರ ಬಹಳ ಚೆನ್ನಾಗಿ ಮಾಡಿದಿರಿ ಎಂದು ಹೇಳಿ ಹೋದರು.

ತಾತನ ಹುಲ್ಲು

ಫೆಬ್ರವರಿಯಲ್ಲಿ ಸೇಂಟ್ ಬ್ರಿಜಿಡ್ ಎಂಬ ಸಂತಳ ಹಬ್ಬ. ಆ ದಿನ ಜೊಂಡುಹುಲ್ಲಿನಿಂದ ನಾಲ್ಕು ಕೈಯ ಪುಟ್ಟ ಶಿಲುಬೆ ಹೆಣೆದು ಗೋಡೆಗೆ ನೇತು ಹಾಕುವುದು ಅವರ ಪದ್ಧತಿ. ಆರ್ಡರ್ ಮಾಡಿದ್ದ ಜೊಂಡು ಆ ವರ್ಷ ಬರಲೇ ಇಲ್ಲ. ಪ್ರಿನ್ಸಿಪಾಲರು ಪೆಚ್ಚಾದರು. ಮಾರನೆಯ ದಿನ ಶಾಲೆಗೆ ಹೋಗಿ ನೋಡುತ್ತೇನೆ, ಮಕ್ಕಳೆಲ್ಲ ಕೂತು ಹೆಣೆಯುತ್ತಿದ್ದಾರೆ. ಇಷ್ಟು ನಯವಾದ ಹುಲ್ಲು ಐರ್ಲೆಂಡಿನಲ್ಲೂ ಸಿಗುವುದಿಲ್ಲ ಎಂದು ಪ್ರಿನ್ಸಿಪಾಲರು ನನ್ನ ಮಗಳ ತಲೆ ಸವರುತ್ತಿದ್ದಾರೆ. ನನಗೆ ತಿಳಿಯುವ ಹೊತ್ತಿಗೆ ಮಗಳು ಮನೆಯಿಂದ ತಂದಿದ್ದ ಕಟ್ಟೆಲ್ಲ ಖಾಲಿಯಾಗಿತ್ತು. ಮಾವನವರು ಏರ್‌ಪೋರ್ಟಿನಲ್ಲಿ ಯಾರಿಗೂ ಕಾಣದಂತೆ ಪಂಚೆಯ ನಡುವೆ ಇಟ್ಟು ತಂದಿದ್ದ ದರ್ಭೆ ಅದು. ಅವರ ತಂದೆಯ ತಿಥಿಗೆಂದು ಜೋಪಾನ ಮಾಡಿದ್ದು.

ಹೇಳಲು ಧೈರ್ಯ ಸಾಲದೆ, ಬೇರೆ ದರ್ಭೆ ಹುಡುಕಿದರಾಯಿತು ಎಂದು ದಿನ ತಳ್ಳಿದೆ. ಸಿಗಲಿಲ್ಲ. ಶನಿವಾರ ಬಂದೇ ಬಂತು. ಪುರೋಹಿತರು ಸನ್ನಿವೇಲಿನಿಂದ ಬಂದು ಮಣೆಯ ಮೇಲೆ ಕೂತು, ದರ್ಭೆ ಕೊಡಿ ಎಂದರು. ಮಾವನವರು ಪೆಟ್ಟಿಗೆ ತೆಗೆದು, ಪಂಚೆಗಳನ್ನೆಲ್ಲ ಕೊಡವಿದರು.

"ದರ್ಭೆ ಎಲ್ಲಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಇಟ್ಸ್ ಆನ್ ದಿ ವಾಲ್, ತಾತ. ಇಟ್ ಲುಕ್ಸ್ ಸೋ ಪ್ರೆಟಿ," ಎಂದಳು.

ಪ್ರಿನ್ಸಿಪಾಲರಿಗೆ ಫೋನು ಮಾಡದೆ ವಿಧಿಯಿರಲಿಲ್ಲ. ಸತ್ತವರ ದಿನ ಎಂದು ಕೇಳಿದ್ದೇ ತಡ, ಪಾಪ, ಆಕೆ ಶಾಲೆಯ ಬೀಗ ತೆಗೆಸಿ, ಗೋಡೆಯ ಮೇಲಿದ್ದ ಶಿಲುಬೆಗಳನ್ನು ಚೀಲಕ್ಕೆ ತುಂಬಿಕೊಂಡು ಖುದ್ದು ಬಂದರು. ಇನ್ನು ಮಾವನವರು ಏನನ್ನುತ್ತಾರೋ ಎಂದು ನಾನು ಅಡುಗೆಮನೆ ಬಾಗಿಲಲ್ಲೇ ನಿಂತೆ.

ಪುರೋಹಿತರು ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ದರ್ಭೆ ಏನೋ ಸರಿಯಾಗೇ ಇದೆ. ಆದ್ರೆ ಈ ಥರ ಗಂಟು ನಾನು ಎಲ್ಲೂ ನೋಡಿಲ್ಲ. ತಾವು ಯಾವ ಶಾಖೆಯವರು?"

ಮಾವನವರು ಒಮ್ಮೆ ನನ್ನನ್ನು, ಒಮ್ಮೆ ಪ್ರಿನ್ಸಿಪಾಲರನ್ನು ನೋಡಿದರು.

"ಐರಿಷ್ ಶಾಖೆ," ಎಂದರು.

ಬೋನು

ಮಾರ್ಚ್ ಬಂತು. ಹಬ್ಬಕ್ಕೆ ಮುಂಚೆ ಮಕ್ಕಳೆಲ್ಲ ಲೆಪ್ರಿಕಾನನ್ನು ಹಿಡಿಯಲು ಡಬ್ಬದಲ್ಲಿ ಬೋನು ಮಾಡುತ್ತಾರೆ. ಲೆಪ್ರಿಕಾನ್ ಎಂದರೆ ಹಸಿರು ಕೋಟು ತೊಟ್ಟ ಗೇಣುದ್ದದ ಗಡ್ಡದವನು, ಬಂಗಾರದ ನಿಧಿ ಕಾಯುವವನು. ಸಂಜೆ ಮಕ್ಕಳು ಬೋನು ಇಟ್ಟು ಹೋಗುತ್ತಾರೆ, ಟೀಚರ್ ಅದರಲ್ಲಿ ಮಿಂಚುಪುಡಿ, ಚಾಕೊಲೇಟ್ ನಾಣ್ಯ ಹಾಕಿಡುತ್ತಾರೆ, ಬೆಳಿಗ್ಗೆ ಮಕ್ಕಳು ಅವನು ತಪ್ಪಿಸಿಕೊಂಡ ಎಂದು ಕುಣಿಯುತ್ತಾರೆ. ಮಗಳ ಬೋನನ್ನು ನೋಡಿದ ಮಾವನವರಿಗೆ ಸಮಾಧಾನವಾಗಲಿಲ್ಲ. "ಇದಕ್ಕೆ ಯಾವನು ಬೀಳ್ತಾನೆ?" ಎಂದು ಬಾಗಿಲಿಗೆ ಸ್ಪ್ರಿಂಗು ಕೂರಿಸಿ, ಒಳಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಕಳಿಸಿದರು.

ಬೆಳಿಗ್ಗೆ ಎಲ್ಲರ ಬೋನಿನಲ್ಲೂ ನಾಣ್ಯ. ನಮ್ಮದರಲ್ಲಿ ಜೀವಂತ ಇಲಿ. ಟೀಚರ್ ಕುರ್ಚಿ ಹತ್ತಿದರು, ನಾನು ಮೇಜು ಹತ್ತಿದೆ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. ಮಕ್ಕಳು ಮಾತ್ರ ಬೋನಿನ ಸುತ್ತ ಭಕ್ತಿಯಿಂದ ಕೂತಿದ್ದರು. ಕೊನೆಗೆ ಒಬ್ಬ ಹುಡುಗ ತಲೆಯೆತ್ತಿ ನನ್ನನ್ನು ಕೇಳಿದ, "ಇವನ ಕೋಟು ಎಲ್ಲಿ?"

ಕೇಳಿ

ಅದೇ ವಾರದ ಶುಕ್ರವಾರ ಹಬ್ಬ. ಸಂಜೆ ಹಾಲಿನಲ್ಲಿ ಎಲ್ಲರೂ ಸೇರಿ ಪಿಟೀಲಿನ ಸದ್ದಿಗೆ ಕುಣಿಯುತ್ತಾರೆ. ಆ ಕುಣಿತಕ್ಕೆ ಐರಿಷ್ ಭಾಷೆಯಲ್ಲಿ ಹೆಸರೇ 'ಕೇಳಿ'. ವಾರವೆಲ್ಲ ಮಗಳು ಮನೆಯಲ್ಲಿ ಕೇಳಿ, ಕೇಳಿ ಎನ್ನುತ್ತಿದ್ದಳು.

"ಏನು ಕೇಳ್ಬೇಕಂತೆ?" ಎಂದರು ಮಾವ.

"ಕೇಳಿ ಅಂದ್ರೆ ಕುಣಿಯೋದು, ಮಾವ."

"ಗೊತ್ತು ಬಿಡು. ನಮ್ಮ ಸಾಹೇಬ್ರು ಕೇಳಿ ಅಂದಾಗ್ಲೂ ನಾವು ಕುಣೀತಾನೇ ಇದ್ವಿ."

ಹಸಿರಂಚಿನ ಪಂಚೆ ಉಟ್ಟು ಅವರೂ ಬಂದರು. ಇಲಿ ನೋಡಿದ ದಿನದಿಂದ ಪ್ರಿನ್ಸಿಪಾಲರು ನನ್ನೊಡನೆ ಹೆಚ್ಚು ಮಾತಾಡಿರಲಿಲ್ಲ. ಕೆಲಸ ಹೋಯಿತೆಂದೇ ನಾನು ತಿಳಿದಿದ್ದೆ.

ಕುಣಿತದ ನಡುವೆ ಪ್ರಿನ್ಸಿಪಾಲರು ಸ್ಟೇಜು ಹತ್ತಿ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಇವಳ ಕೆಲಸದ ವಿಷಯ ಇವತ್ತು ತೀರ್ಮಾನವಾಗಬೇಕು, ಅದಕ್ಕೆ ಮೊದಲು ಎಲ್ಲರೂ ಕಪ್ಪು ಎತ್ತಿ ಎಂದರು. ಹಾಲಿನಲ್ಲಿದ್ದವರೆಲ್ಲ ಕಪ್ಪು ಎತ್ತಿ ಒಟ್ಟಿಗೆ ಕೂಗಿದರು, "ಸ್ಲಾಂಚಾ!"

ನಿಮ್ಮ ಆರೋಗ್ಯ ಚೆನ್ನಾಗಿರಲಿ ಎಂದು ಅವರು ಕುಡಿಯುವ ಮೊದಲು ಹಾರೈಸುವ ಮಾತು ಅದು. ನನಗೆ ಗೊತ್ತಿತ್ತು. ಮಾವನವರಿಗೆ ಗೊತ್ತಿರಲಿಲ್ಲ. ಮೊದಲಿನ ಸಕಾರವನ್ನು ಪಿಟೀಲು ನುಂಗಿ, ಅವರ ಕಿವಿಗೆ ಬಿದ್ದದ್ದು 'ಲಂಚಾ!' ಎಂದು. ಕೆಲಸದ ತೀರ್ಮಾನ ಆಗಬೇಕು, ಅದಕ್ಕೆ ಮೊದಲು ಲಂಚ. ಅದೂ ಹೆಂಗಸರು, ಮಕ್ಕಳು, ಪಾದ್ರಿಗಳಾದಿಯಾಗಿ ಇಡೀ ಊರೇ ಕಪ್ಪು ಹಿಡಿದು ಕೇಳುತ್ತಿದೆ!

ಮಾವನವರು ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಮೇಡಂ! ಮೈ ಫುಲ್ ಸರ್ವೀಸ್, ನೋ ಲಂಚ! ಮೈ ಡಾಟರ್ ಇನ್ ಲಾ, ಸಿನ್ಸ್ ಆಗಸ್ಟ್, ನೋ ಲಂಚ! ವಿ ವಿಲ್ ಸ್ಟಾರ್ವ್, ಮೇಡಂ, ಬಟ್ ನೋ ಲಂಚ!"

ಪಿಟೀಲು ನಿಂತುಹೋಯಿತು. "ಅಮ್ಮಾ, ಪ್ಲೀಸ್ ಮೇಕ್ ಹಿಮ್ ಸ್ಟಾಪ್," ಎಂದಳು ಮಗಳು. ನಾನು ಭೂಮಿ ಬಾಯಿಬಿಡಬಾರದೇ ಎಂದು ನಿಂತಿದ್ದೆ.

ನನ್ನ ಜೊತೆ ಇಷ್ಟು ತಿಂಗಳು ಇದ್ದು, ನಾವು ಕನ್ನಡದವರು ಇಂಗ್ಲಿಷ್ ಪದಗಳಿಗೆ ಬಸ್ಸು, ಬುಕ್ಕು ಎಂದು ಬಾಲ ಸೇರಿಸುತ್ತೇವೆಂದು ಪ್ರಿನ್ಸಿಪಾಲರಿಗೆ ಚೆನ್ನಾಗಿ ಗೊತ್ತಾಗಿತ್ತು. ಅವರು 'ಲಂಚ'ದ ಬಾಲ ಕತ್ತರಿಸಿಕೊಂಡರು.

"ಇಡೀ ಸರ್ವೀಸು... ನೋ ಲಂಚ್?" ಎಂದರು ಮೆಲ್ಲಗೆ. ನನ್ನ ಕಡೆ ತಿರುಗಿ, "ನೀನೂ? ಆಗಸ್ಟಿನಿಂದ?"

ಹಸಿವೆಂಬುದು ಆಕೆಯ ದೇಶದವರಿಗೆ ತಮಾಷೆಯ ಮಾತಲ್ಲ. ಅಲ್ಲಿ ಹಿಂದೆ ಬಂದ ದೊಡ್ಡ ಬರಗಾಲದ ಕಥೆಯನ್ನು ಮಕ್ಕಳಿಗೆ ಹೇಳುವಾಗಲೆಲ್ಲ ಅವರ ದನಿ ಒಡೆಯುವುದನ್ನು ನಾನೇ ಕೇಳಿದ್ದೇನೆ. ಈಗ ಅವರ ಕಣ್ಣು ತುಂಬಿತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೊಟ್ಟೆಗಿಲ್ಲದೆ ದುಡಿದು, ಒಂದು ದಿನವೂ ಮುಖ ಸಣ್ಣದು ಮಾಡದೆ, ಮಕ್ಕಳಿಗೆ ಮಾತ್ರ ಬಾಳೆ ಎಲೆಯಲ್ಲಿ ಬಡಿಸಿದವಳು ಇವಳು, ಇಂಥವಳನ್ನು ಬಿಡುವುದುಂಟೇ ಎಂದರು. "ಶೀ ಈಸ್ ಪರ್ಮನೆಂಟ್!"

ಹಾಲ್ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ನನಗೆ ಅಳುವೇ ಬಂದುಬಿಟ್ಟಿತು. ಇಷ್ಟು ವರ್ಷ ಯಾರದೋ ಹೆಂಡತಿ, ಯಾರದೋ ಅಮ್ಮ ಆಗಿದ್ದವಳಿಗೆ ನನ್ನದು ಅಂತ ಒಂದು ಕೆಲಸ ಸಿಕ್ಕಿತ್ತು. ಮಾವನವರಿಗೆ ಪರ್ಮನೆಂಟ್ ಎಂಬ ಪದವೊಂದು ಎಷ್ಟು ಗದ್ದಲದಲ್ಲೂ ಸ್ಪಷ್ಟವಾಗಿ ಕೇಳುತ್ತದೆ. "ಕಾಯಂ! ನನ್ನ ಸೊಸೆ ಕಾಯಂ! ನೋಡಿದ್ಯಾ, ಗಟ್ಟಿಯಾಗಿ ಕೇಳಿದ್ರೆ ಹೆಂಗೆ ದಾರಿಗೆ ಬರ್ತಾರೆ!" ಎಂದು ಶಲ್ಯದಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಪ್ರಿನ್ಸಿಪಾಲರು ನನ್ನನ್ನೂ ಕರೆದುಕೊಂಡು ಸ್ಟೇಜಿನಿಂದ ಇಳಿದು ಬಂದು, ಅವರ ಎರಡೂ ಕೈ ಹಿಡಿದುಕೊಂಡು, ಅರ್ಥವಾಗಲಿ ಎಂದು ಅವರದೇ ಉಚ್ಚಾರಣೆಯಲ್ಲಿ ನಿಧಾನವಾಗಿ, ಜೋರಾಗಿ ಹೇಳಿದರು.

"ಫ್ರಮ್ ಮಂಡೇ... ಲಂಚಾ! ಎವೆರಿ ಡೇ!"

ಮಾವನವರ ಮುಖ ಇಳಿದುಹೋಯಿತು. ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು.

"ದಿನಾನೂನಾ? ನಮ್ಮ ಕಡೆ ಒಂದು ಸಲ ಕೊಟ್ರೆ ಮುಗೀತಿತ್ತಲ್ಲಮ್ಮಾ!"