ಜಪಾನ್ ಮಾಲಿನ ಅಳಿಯ

ಪರದೇಶದ ಸಾಮಾನು ಮಾರೋದಂದ್ರ ದಿನಾ ಒಂದು ಫಜೀತಿ. ಒಂದು ಮುಗೀತು ಅಂತ ಉಸಿರು ಬಿಡೋದರಾಗ ಇನ್ನೊಂದು ಫಜೀತಿ ನನ್ನ ಗಾಡಿ ಮುಂದ ಬಂದು ನಿಂತಿರತಿತ್ತು.

ನಾನು ಸಾಲಿ ಕಟ್ಟಿ ಹತ್ತಿದಾಂವಲ್ಲ. ಆದರ ವ್ಯಾಪಾರದಾಗ ನನ್ನಂಥಾಂವ ಇಡೀ ರಾಯಚೂರಾಗ ಇನ್ನೊಬ್ಬ ಇರಲಿಲ್ಲ. ಮುಂಬೈ ಗಾಡಿ ಟೇಶನ್ನಿಗೆ ಬಂದು ಸೀಟಿ ಹೊಡೀತಂದ್ರ, ಅದು ನನ್ನನ್ನ ಕರೀಲಿಕ್ಕೇ ಹೊಡೀತು ಅಂತ ಹಮಾಲರು ಅಂತಿದ್ದರು. ಆಗ ನಿಜಾಮರ ಕಾಲ. ವಿಲಾಯತಿ ಕಡೆ ದೊಡ್ಡ ಯುದ್ಧ ಸುರು ಆಗಿತ್ತು. ಜಪಾನಿನವರು ಇನ್ನೂ ಅದರಾಗ ಇಳಿದಿರಲಿಲ್ಲ. ಅವರ ಸಾಮಾನು ಹಡಗಿನಾಗ ಮುಂಬೈಗೆ, ಅಲ್ಲಿಂದ ರೈಲಿನಾಗ ನಮ್ಮೂರಿಗೆ ಬರತಿತ್ತು. ಅಗ್ಗ ಅಂದ್ರ ಅಗ್ಗ. ನಾನು ಎತ್ತಿನ ಗಾಡಿಗೆ ಹೇರಕೊಂಡು ಮಾನ್ವಿ, ಪೋತ್ನಾಳ, ದೇವದುರ್ಗ ಅಂತ ಸಂತಿ ಸಂತಿ ತಿರುಗತಿದ್ದೆ.

ಜಾಲಹಳ್ಳ್ಯಾಗ ನನ್ನ ಸೋದರಮಾವ ಇದ್ದ. ಅವನ ಮಗಳು ತೊಟ್ಟಿಲಾಗ ಇದ್ದಾಗಲೇ ಆಕಿ ನನಗ ಅಂತ ಮಾತಾಗಿತ್ತು. ನಾನು ಈ ವ್ಯಾಪಾರಕ್ಕ ಇಳಿದ ಮ್ಯಾಲೆ ಮಾವ ತಿರುಗಿಬಿದ್ದ.

"ಏನಲೇ ಅಳಿಯಾ, ಸಮುದ್ರ ದಾಟಿ ಬಂದ ಸಾಮಾನಂತ. ಯಾರ ಮಾಡ್ಯಾರ, ಅದರಾಗ ಏನ ಬೆರಸ್ಯಾರ, ಯಾರಿಗೆ ಗೊತ್ತು? ನಾಳೆ ಯಾರರ ಸತ್ತರ ನನ್ನ ಮಗಳು ನಿನಗ ಜೇಲಿಗೆ ಬುತ್ತಿ ಹೊರಬೇಕೇನು?"

"ಹಂಗೇನೂ ಆಗಂಗಿಲ್ಲ ಮಾವಾ."

"ಹಂಗಾರ ಯುಗಾದಿ ಮಟ ನೋಡತೀನಿ. ನಿನ್ನ ಮಾಲಿನಿಂದ ಕೆಟ್ಟಾತು ಅಂತ ಒಬ್ಬರರ ನನ್ನ ಬಾಗಲಿಗೆ ಫಿರ್ಯಾದ ತಂದ್ರ, ಹುಡುಗಿ ಮಾನ್ವಿ ಹಿತ್ತಾಳಿ ಅಂಗಡ್ಯಾಂವಗ. ಆತನ ಕೊಡ ಯಾವ ಊರಾಗ ಹುಟ್ಟ್ಯಾವ ಅನ್ನೋದರ ಗೊತ್ತದ."

ಮಾವನ ಈ ಮಾತು ಸಂತಿ ಸಂತಿಗೂ ಹಬ್ಬಿತು. ಅವತ್ತಿನಿಂದ ಯಾರಾದರೂ ಗಾಡಿ ಕಡೆ ಜೋರಾಗಿ ನಡಕೊಂಡು ಬಂದರ ಸಾಕು, ನನ್ನ ಹುಡುಗಿ ಮಾನ್ವಿಗೆ ಹೋದಂಗ ಕಾಣತಿತ್ತು.

ಸಿಪ್ಪಿ ಇದ್ದ ಲೋಟ

ನಮ್ಮ ಕಡೆ ಹೆಣ್ಣುಮಕ್ಕಳು ಗಡಿಗಿ ಕೊಳ್ಳಬೇಕಂದ್ರ ಬೆರಳಗಂಟಿನಿಂದ ಬಡದು, ಕಿವಿಗೊಟ್ಟು ನಾದ ಕೇಳತಾರ. ಠಣ್ ಅಂದ್ರ ಒಳ್ಳೇದು, ದಬ್ ಅಂದ್ರ ಸೀಳು. ಮಾನ್ವಿ ಸಂತ್ಯಾಗ ಒಬ್ಬ ಮುದುಕಿ ನನ್ನ ಜಪಾನ್ ಲೋಟ ತಗೊಂಡ್ಲು. ತಗಡಿನ ಲೋಟ, ಮ್ಯಾಲೆ ಹಾಲಿನಂಥ ಬಿಳಿ ಮೆರಗು. ಬಡದು ನೋಡಿದ್ಲು. ಠಣ್ ಇಲ್ಲ, ದಬ್ ಇಲ್ಲ.

"ಯಪ್ಪಾ, ಇದು ಮಾತಾಡವಲ್ದು."

"ಪರದೇಶದ್ದು ಯವ್ವಾ, ನಮ್ಮ ಮಾತು ಬರಂಗಿಲ್ಲ ಅದಕ."

ಆಕಿಗೆ ಸಮಾಧಾನ ಆಗಲಿಲ್ಲ. ಕಲ್ಲು ತಗೊಂಡು ಬಡದ್ಲು. ಬಿಳಿ ಮೆರಗು ಚಟ್ಟನ ಎದ್ದು ಹಾರಿತು, ಕರೇ ತಗಡು ಕಾಣಿಸಿತು.

"ಹಾಳಾದಾಂವನ! ಇದರಾಗ ಹಾಲು ಕುಡದ್ರ ಈ ಚಕ್ಕಿ ಮಮ್ಮಗನ ಹೊಟ್ಟಿಗೆ ಹೋಗತದಲ್ಲೋ! ನಿಮ್ಮ ಮಾವ ಜಾಲಹಳ್ಳ್ಯಾಂವ ಅಲ್ಲ? ನನ್ನ ತವರೂ ಅದ ಊರು. ಹೋಗಿ ಹೇಳೇ ಹೇಳತೀನಿ!"

ಆದರ ನನ್ನ ನಾಲಿಗಿ ಅಂಥ ಹೊತ್ತಿನಾಗ ಎಂದೂ ಕೈ ಬಿಟ್ಟಿಲ್ಲ. "ಯವ್ವಾ, ಅದು ಸಿಪ್ಪಿ. ಹಡಗಿನಾಗ ಲೋಟ ಕೆಡಬಾರದಂತ ಹಾಕಿ ಕಳಸತಾರ. ಬಾಳೆಹಣ್ಣು ಸಿಪ್ಪಿ ಸಮೇತ ತಿಂತೀಯೇನು? ಮನಿಗೆ ಹೋಗಿ ಸುಲಿ" ಅಂದೆ.

ಮುದುಕಿ ಹೌದೇನೋ ಅಂತ ಗೋಣು ಹಾಕಿ ಹೋದಳು. ಮುಂದಿನ ಸಂತಿಗೆ ಬಂದು, ತಳ ತೂತುಬಿದ್ದ ತಗಡಿನ ಉಂಗರದಂಥಾದ್ದು ಒಂದನ್ನ ನನ್ನ ಮುಂದ ಹಿಡದ್ಲು.

"ಪೂರಾ ಸುಲದೆ ಯಪ್ಪಾ. ಹಣ್ಣು ಸಿಗಲೇ ಇಲ್ಲ."

ಬ್ಯಾರೆ ಲೋಟ ಕೊಟ್ಟು, ಸುಲೀಬ್ಯಾಡ ಅಂತ ಆಣಿ ಹಾಕಿಸಿಕೊಂಡು ಕಳಿಸಿದೆ.

ಪೋತ್ನಾಳದ ಹಣಗಿ

ಜಪಾನಿನ ಹಣಗಿ ಆಮಿ ಚಿಪ್ಪಿನಂಗ ಹೊಳೀತಿದ್ದವು. ಪೋತ್ನಾಳದಾಗ ಖಾನಾವಳಿ ನಡಸಾಂವ ಒಬ್ಬ ಒಂದು ತಗೊಂಡು, ತಲಿ ಬಾಚಿಕೊಂಡು, ಒಲಿ ದಂಡಿ ಮ್ಯಾಲೆ ಇಟ್ಟ. ಒಂದು ಕಿಡಿ ಹಾರಿತು. ಹಣಗಿ ಭುಸ್ಸ್ ಅಂತ ಹತ್ತಿಕೊಂಡಿತು. ಜ್ವಾಲಿ ಬೇವಿನ ಗಿಡದಷ್ಟು ಎತ್ತರ ಎದ್ದಿತ್ತು. ನಾನು ಸಂತ್ಯಾಗ ಕೂತು ಕಣ್ಣಾರೆ ಕಂಡೀನಿ, ನಡುವ ಎರಡು ಗೋಡಿ ಇದ್ದವು ಅನ್ನೋದು ಬ್ಯಾರೆ ಮಾತು.

ಅಂವ ಓಡಿ ಬಂದ. "ಲೇ, ಹಣಗಿ ಅಂತ ಮದ್ದು ಮಾರಾಕತ್ತೀಯಾ? ಯುದ್ಧದ ಮದ್ದು ತಲ್ಯಾಗ ಸಿಗಿಸಾಕ ಹಚ್ಚೀಯಾ?"

ಅಷ್ಟು ಕೇಳಿದ್ದೇ ತಡ, ಹಣಗಿ ಕೊಂಡಿದ್ದ ಹೆಣ್ಣುಮಕ್ಕಳು ಅವನ್ನ ತಲಿಯಿಂದ ಕಿತ್ತು ನನ್ನ ಗಾಡ್ಯಾಗ ಒಗದರು. ಯಾರೋ ಒಂದು ಕೊಡ ನೀರು ತಂದು ಹಣಗಿ ಮ್ಯಾಲೆ ಸುರುವಿದರು. ಅರ್ಧ ನನ್ನ ಮ್ಯಾಲೆ ಬಿತ್ತು.

"ನಿಮ್ಮ ಮಾವಗ ಹೇಳಿ ಕಳಸತೀನಿ, ತಡಿ" ಅಂದ ಖಾನಾವಳಿಯಾಂವ.

ಆ ವಾರ ಪೂರಾ ಜಾಲಹಳ್ಳಿ ದಾರಿ ಕಡೆ ನೋಡಿ ನೋಡಿ ನನ್ನ ಕುತ್ತಿಗಿ ಉಳುಕಿತು. ಮುಂದಿನ ಸಂತ್ಯಾಗ ಅಂವ ಮತ್ತ ಬಂದ. ಮುಗೀತು ನನ್ನ ಲಗ್ನ ಅಂದುಕೊಂಡೆ. ಅಂವ ಅತ್ತಿತ್ತ ನೋಡಿ ಕಿವಿ ಹತ್ತಿರ ಬಗ್ಗಿದ.

"ಅಂಥಾವು ಇನ್ನ ಅದಾವೇನು? ಹಸಿ ಕಟ್ಟಿಗಿ ಹಚ್ಚಾಕ ಅದರಂಥಾದ್ದು ಇನ್ನೊಂದಿಲ್ಲ ಬಿಡು."

ದೇವದುರ್ಗದ ಸಾಬೂನು

ದೇವದುರ್ಗದ ಗುಡಿ ಆಚಾರ್ರಿಗೆ ನನ್ನ ಮಾವನ ಮನಿ ಪಂಚಾಂಗ, ಮುಹೂರ್ತ ಎಲ್ಲ ಸೇರಿದ್ದವು. ಅವರು ನನ್ನ ಗಾಡಿ ಮುಂದ ಬಂದು ನಿಂತರು. ಒಂದು ಗುಲಾಬಿ ಬಣ್ಣದ ವಾಸನಿ ಸಾಬೂನು ಇತ್ತು. ಅದನ್ನ ಮುಟ್ಟದನ, ದೂರದಿಂದ ಮೂಗು ಏರಿಸಿದರು.

"ಇದರೊಳಗ ಏನೇನು ಹಾಕ್ಯಾರಪಾ?"

"ಶುದ್ಧ ಹೂವಿನ ರಸ ರೀ ಆಚಾರ್ರ."

"ವಿಷ ಗಿಷ? ಮೈ ಚರ್ಮ ಹೋದೀತು?"

"ಛೇ, ಹಾಲುಸಕ್ಕರಿ ಇದ್ದಂಗ ರೀ."

"ಹೌದೇನು? ಸಂತ್ಯಾಗ ಬೆಲ್ಲ ಮಾರಾಂವ ತಾನು ಒಂದು ಚೂರು ಬಾಯಿಗೆ ಹಾಕ್ಕೊಂಡು ತೋರಿಸತಾನ. ಎಣ್ಣಿ ಮಾರಾಂವನೂ ನೆಕ್ಕಿ ತೋರಿಸತಾನ. ನೀನೂ ತೋರಿಸು."

ಮಂದಿ ಸೇರಿದರು. ಒಲ್ಲೆ ಅಂದ್ರ, ಮಾರಾಂವನೇ ತಿನ್ನಲಿಲ್ಲ ಅನ್ನೋ ಸುದ್ದಿ ಜಾಲಹಳ್ಳಿ ಮುಟ್ಟತದ. ಕಣ್ಣು ಮುಚ್ಚಿ ಮಾವನ ಮಗಳ ಮಾರಿ ನೆನಸಿಕೊಂಡು ಕಚ್ಚಿದೆ. ಅಗಿದೆ. ನುಂಗಿದೆ. ನಗಬೇಕಂತ ಬಾಯಿ ತೆಗೆದರ ಗುಳ್ಳಿ ಬಂದವು. ಒಂದು ಗುಳ್ಳಿ ಕುಂಬಳಕಾಯಿಯಷ್ಟಾಗಿ ಮ್ಯಾಲೆ ಏರಿ, ಸಂತಿ ದಾಟಿ ಹೋತು. ಅದನ್ನ ಕಂಡು ಹದ್ದೊಂದು ದಾರಿ ಬಿಟ್ಟು ಸರದಿತ್ತು. ಕಣ್ಣಾಗ ನೀರು, ಮೂಗಿನಾಗ ನೊರಿ, ಆದರೂ "ಭಾಳ ರುಚಿ ಅದ ರೀ" ಅಂದೆ.

ಆಚಾರ್ರು ಭಾಳ ಹೊತ್ತು ನನ್ನ ಮಾರಿ ನೋಡಿದರು. ನಾನು ಬೀಳಲಿಲ್ಲ, ಸಾಯಲಿಲ್ಲ.

"ವಿಷ ಅಲ್ಲ ಅನ್ನೋದು ಖಾತ್ರಿ ಆತು" ಅಂದರು. "ಆದರ ಎಂಜಲಾತಲ್ಲಪಾ, ಈಗ ನಾ ಹೆಂಗ ತಗೊಳ್ಳಲಿ?"

ಜಾಲಹಳ್ಳಿ ಯುಗಾದಿ

ಅಂತೂ ಯುಗಾದಿ ಬಂತು. ಯಾರೂ ಫಿರ್ಯಾದ ಒಯ್ದಂಗ ಕಾಣಲಿಲ್ಲ. ಹೊಸ ಧೋತರ ಉಟ್ಟು ಜಾಲಹಳ್ಳಿಗೆ ಹೋದೆ. ಹನುಮಪ್ಪನ ಗುಡಿ ಕಟ್ಟಿ ಮ್ಯಾಲೆ ಊರ ಹಿರಿಯರು ಕೂತಿದ್ದರು. ಹಿತ್ತಾಳಿ ಅಂಗಡ್ಯಾಂವನೂ ಬಂದು ಕೂತಿದ್ದ, ತಂಬಿಗಿಯಂಗ ಹೊಳೀಕೋತ. ಮಾವ ನನ್ನ ಕಡೆ ನೋಡಲೇ ಇಲ್ಲ. ಹುಬ್ಬಿನ ಮಟ ಇಳಿಸಿ, ಕಿವಿ ಕುತ್ತಿಗಿ ಎಲ್ಲ ಮುಚ್ಚಿ ತಲಿಗೆ ರುಮಾಲು ಸುತ್ತಿದ್ದ.

"ಹುಡುಗಿ ಕೊಡಂಗಿಲ್ಲ" ಅಂದ. "ಫಿರ್ಯಾದ ಬಂದದ."

ಯಾರು? ಲೋಟದ ಮುದುಕಿಯೋ? ಖಾನಾವಳಿಯಾಂವನೋ? ಆಚಾರ್ರೋ?

"ಯಾರ ತಂದ್ರು ಮಾವಾ?"

"ಯಾರರ ತರಲಿ. ನಿನ್ನ ಮಾಲಿನಿಂದ ಒಬ್ಬ ಮರ್ಯಾದಸ್ಥನ ಬಾಳೇವು ಹಾಳಾಗ್ಯಾದ. ಅಷ್ಟ ಸಾಕು."

"ಏನಾಗ್ಯಾದ?"

"ಹೊರಗ ಹೇಳುವಂಥಾದ್ದಲ್ಲ."

ಹಿರಿಯರು ಒಬ್ಬರ ಮಾರಿ ಒಬ್ಬರು ನೋಡಿದರು. ಅವರಾಗ ಭಾಳ ವಯಸ್ಸಾದಾಂವ ಅಂದ: "ತೊಟ್ಟಿಲ ಮಾತು ಮುರಿಯೋದು ಸಣ್ಣ ಮಾತಲ್ಲ. ಹನುಮಪ್ಪನ ಮುಂದ ನಿಂತು ಹೇಳು. ಫಿರ್ಯಾದ ಬಂದದ್ದು ಖರೇ ಅಂತ ಹೇಳು, ಮುಗೀತು."

ದೇವರ ಮುಂದ ಮಾತು ಹೇಳಬೇಕಂದ್ರ ನಮ್ಮ ಕಡೆ ರುಮಾಲು ತೆಗೆದು ಕೈಯಾಗ ಹಿಡಕೊಂಡು ಹೇಳಬೇಕು. ಮಾವ ಎದ್ದ, ನಿಂತ, ರುಮಾಲು ಮಾತ್ರ ತೆಗೀಲಿಲ್ಲ.

"ರುಮಾಲು ತಗಿಯಪಾ" ಅಂದರು.

"ನೆಗಡಿ ಆಗ್ಯಾದ."

"ಇಂಥ ಬಿಸಲಾಗ?"

"ಬಿಸಲಿನ ನೆಗಡಿ."

ಆಗ ಕಂಬದ ಹಿಂದಿನಿಂದ ಒಂದು ದನಿ ಬಂತು. ಅದು ಮಾವನ ಮಗಳದು. ಆಕಿ ನನ್ನ ಕಡೆ ಒಮ್ಮೆ ನೋಡಿದಳು, ತಂದಿ ಕಡೆ ಒಮ್ಮೆ ನೋಡಿದಳು.

"ಯಪ್ಪಾ, ದೇವರಿಗೆ ಹೆಂಗ ಮುಚ್ಚತೀರಿ? ಮಲಗುವಾಗಲೂ ತಗದಿಲ್ಲ ನೀವು. ತಗದುಬಿಡ್ರಿ."

ಬ್ಯಾರೆ ದಾರಿ ಇಲ್ಲದಕ್ಕ ಮಾವ ರುಮಾಲು ಬಿಚ್ಚಿದ.

ನಾನು ಭಾಳ ಕಡೆ ಭಾಳ ನೋಡೀನಿ, ಅಂಥಾದ್ದು ನೋಡಿಲ್ಲ. ಮಾವನ ಬೆಳ್ಳಗಿನ ಕೂದಲು ಹಚ್ಚಹಸರಾಗಿತ್ತು. ಬರೇ ಕೂದಲಲ್ಲ, ಹಣಿ ಹಸರು, ಕಿವಿ ಹಸರು, ಕುತ್ತಿಗಿ ಹಿಂದ ಬೆನ್ನಿಗೆ ಹಸರು ಗೆರಿ ಇಳದಿತ್ತು. ಮುಂಗಾರಿ ಜ್ವಾಳದ ಹೊಲಕ್ಕ ಕೈಕಾಲು ಬಂದು ಗುಡಿಗೆ ಬಂದಂಗಿತ್ತು. ಕೈಯಾಗಿನ ರುಮಾಲಿನ ಗುರುತು ನನಗ ಆಗ ಹತ್ತಿತು. ಗಿಣಿ ಹಸರಿನ ಜಪಾನ್ ರೇಷ್ಮಿ, ನನ್ನ ಗಾಡ್ಯಾಗಿಂದು!

"ಇದು ಗದ್ವಾಲದ ಮಗ್ಗದ್ದು" ಅಂದ ಮಾವ, ಯಾರೂ ಕೇಳದಿದ್ದರೂ.

"ಅಲ್ಲ ಯಪ್ಪಾ" ಅಂದಳು ಮಗಳು. "ಅಗ್ಗ ಸಿಗತದಂತ ಆಳಿನ ಕೈಲೆ ದೇವದುರ್ಗ ಸಂತಿಯಿಂದ ತರಿಸಿದ್ರಿ. ಅಳಿಯಗ ಗೊತ್ತಾಗಬಾರದು ಅಂದಿದ್ರಿ. ಬೆವರು ಬಂದು ಬಣ್ಣ ಬಿಟ್ಟದ."

ಗುಡಿ ಕಟ್ಟಿ ಮ್ಯಾಲೆ ನಗಿ ಎದ್ದಿತು. ಹಿತ್ತಾಳಿ ಅಂಗಡ್ಯಾಂವ ನಕ್ಕು ನಕ್ಕು ಕಟ್ಟಿಯಿಂದ ಕೆಳಗ ಉರುಳಿದ. ಹಿರಿಯ ಮಾತ್ರ ಕಷ್ಟಪಟ್ಟು ನಗಿ ತಡಕೊಂಡು ಕೇಳಿದ: "ಈಗ ಹೇಳಪಾ, ನಿನ್ನ ಬಾಗಲಿಗೆ ಯಾರ ಬಂದಿದ್ರು?"

ಮಾವ ಹನುಮಪ್ಪನ ಕಡೆ ನೋಡಿದ, ನನ್ನ ಕಡೆ ನೋಡಿದ. ಕಡೀಕ ಸಣ್ಣ ದನಿಯಿಂದ, "ಯಾರೂ ಬಂದಿಲ್ಲ" ಅಂದ.

"ಹಂಗಾರ ಹುಡುಗಿ ಯಾರಿಗೆ?"

"ಇವಗ."

ಮಂದಿ ಚದುರಿದ ಮ್ಯಾಲೆ ಮಾವ ನನ್ನ ತೋಳು ಹಿಡದು ಗುಡಿ ಹಿಂದಕ್ಕ ಎಳಕೊಂಡು ಹೋದ.

"ಅಳಿಯಾ, ಬೂದಿ ಹಚ್ಚಿ ತಿಕ್ಕಿದೆ, ಸೀಗಿಕಾಯಿ ಹಚ್ಚಿದೆ, ಹುಣಸಿಹಣ್ಣು ಹಚ್ಚಿದೆ. ಹೋಗವಲ್ದು. ಇದು ಹೆಂಗ ಹೋಗತದ ಹೇಳಲೇ."

ಹೆಂಗ ಹೋಗತದ ಅಂತ ನನಗೂ ಗೊತ್ತಿರಲಿಲ್ಲ.

"ಮೊದಲ ಲಗ್ನದ ಅಕ್ಕಿಕಾಳು ಬೀಳಲಿ ಮಾವಾ" ಅಂದೆ, "ಆಮ್ಯಾಲೆ ಹೇಳತೀನಿ."