ಒಂದು ದಿನಪತ್ರಿಕೆಯ ಅಂಗಚ್ಛೇದನ

ಭಾನುವಾರ ಮುಗಿಯುವುದರೊಳಗೆ ದಿನಪತ್ರಿಕೆಯ ಸಕಲ ಅಂಗಾಂಗಗಳನ್ನೂ ಅರೆದು ಕುಡಿದೇ ತೀರುವೆನೆಂದು ಶಪಥ ಮಾಡಿದೆ! ನಮ್ಮ ವಂಶದ ಮೊಟ್ಟಮೊದಲ ಪದವೀಧರ ನಾನು. ಹೊಸದಾಗಿ ಪತ್ರಿಕಾ ಕಚೇರಿಗೆ ಸೇರಿದ್ದೆ. ಹಿರಿಯ ಉಪಸಂಪಾದಕರು "ಇಂಪ್ರಿಂಟ್ ಎಲ್ರೀ?" ಎಂದಾಗ ಮೇಜಿನ ಕೆಳಗೆಲ್ಲ ಹುಡುಕಿ ನಗೆಪಾಟಲಾಗಿದ್ದೆ.

ನನ್ನನ್ನು ಪರೀಕ್ಷೆಗಳಲ್ಲಿ ಪಾರು ಮಾಡಿದ ವಿದ್ಯೆ ಒಂದೇ: ಕತ್ತರಿಸು, ಅಂಟಿಸು, ಹೆಸರು ಬರೆ! ಮಹಡಿಯ ಮೇಲಿನ ಮನೆ ಮಾಲೀಕರು ತಾವು ಓದಿದ ಪತ್ರಿಕೆಯನ್ನು ದಿನವೂ ನಮಗೆ ಕೊಡುತ್ತಿದ್ದರು. ಅಂದು, "ಒಂದು ಪುಟಾನೂ ಬಿಡದೆ ನೋಡ್ಬೇಕು!" ಎಂದು ಬೆನ್ನು ತಟ್ಟಿದರು. ನನ್ನ ಶ್ರದ್ಧೆಯ ಕೀರ್ತಿ ಮಹಡಿ ಹತ್ತಿದೆಯೆಂದು ಹಿಗ್ಗಿ, ನೆಲದ ಮೇಲೆ ಬಿಳಿ ರಟ್ಟು ಹರಡಿ ಕತ್ತರಿ ಹಿಡಿದೆ.

ಹೆಂಡತಿಯೂ ಬಂದು ಕುಳಿತಳು. "ರೀ, ಪತ್ರಿಕೆ ಹೆಸರಿನ ಆಚೆ ಈಚೆ ಇರೋ ಈ ಪುಟ್ಟ ಚೌಕಗಳೇನು?"

"ಕಿವಿಗಳು!"

"ನಿಮ್ಮ ಕಿವಿಗಿಂತ ಚೆನ್ನಾಗಿ ಕೇಳಿಸುತ್ತಾ? ಸರಿ, ಸುದ್ದಿ ಶುರುವಾಗೋ ಮೊದಲು ಇರೋ ಈ ಊರಿನ ಹೆಸರು?"

"ಡೇಟ್‌ಲೈನ್!"

"ತಾರೀಖೇ ಇಲ್ವಲ್ರೀ ಅಲ್ಲಿ?"

ಅದನ್ನೂ ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಕೊನೆಗೆ ಆಕೆಯೇ ಕಡೆಯ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟಳು. "ಮುದ್ರಕರು, ಪ್ರಕಾಶಕರು ಅಂತಿದೆ. ಇದೇನಾ ನಿಮ್ಮ ಇಂಪ್ರಿಂಟು?"

ಸಿಕ್ಕೇಬಿಟ್ಟಿತು! ಅದನ್ನು ಅಂಟಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ನಗುನಗುತ್ತಾ ಮಾಲೀಕರು!

"ನೋಡಿದ್ರಾ ನನ್ನ ಫೋಟೋ? ಚೆಸ್ ಪಂದ್ಯದ ಕಪ್ ಹಿಡ್ಕೊಂಡಿರೋದು? ಕೊಂಡ ಪ್ರತಿಗಳನ್ನೆಲ್ಲ ನೆಂಟರಿಗೆ ಹಂಚಿಬಿಟ್ಟೆ. ಅಂಗಡೀಲೂ ಖಾಲಿಯಂತೆ. ಉಳಿದಿರೋದು ನಿಮ್ಮ ಹತ್ರ ಇರೋದೊಂದೇ. ಕೊಡಿ, ಫ್ರೇಮ್ ಹಾಕಿಸ್ಬೇಕು."

"ಎಷ್ಟನೇ ಪುಟ, ಸಾರ್?" ಹೆಂಡತಿ ರಟ್ಟಿನತ್ತ ನೋಡುತ್ತ ಕೇಳಿದಳು.

"ಎರಡು!"

ಮುಖಪುಟಕ್ಕೂ ಒಂದು ಬೆನ್ನಿರುತ್ತದೆ ಎಂಬುದು ಈ ಪದವೀಧರನ ತಲೆಗೆ ಹೊಳೆದಿರಲೇ ಇಲ್ಲ! ಒದ್ದೆ ಬಟ್ಟೆ ಒತ್ತಿ ಚೂರುಗಳನ್ನು ಬಿಡಿಸಿದೆ. ಡೇಟ್‌ಲೈನ್ ಹಿಂದೆ ಮಾಲೀಕರ ಗಲ್ಲ ಸಿಕ್ಕಿತು, ವರದಿಗಾರರ ಹೆಸರಿದ್ದ ಬೈಲೈನ್ ಹಿಂದೆ ಅರ್ಧ ಮೀಸೆ. ಕಪ್ ಮಾತ್ರ ರಟ್ಟನ್ನು ಬಿಟ್ಟು ಬರಲೊಲ್ಲದು!

"ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದ್ರೀ?" ಹೆಂಡತಿ ಪಿಸುಗುಟ್ಟಿದಳು.

ಮಾಲೀಕರು ರಟ್ಟನ್ನು ಮೇಲಿಂದ ಕೆಳಗೆ ಓದಿದರು. "ಎಲ್ಲಾ ಭಾಗಾನೂ ಇದೆಯೇನ್ರಿ ಇದರಲ್ಲಿ?"

"ಒಂದೂ ಬಿಟ್ಟಿಲ್ಲ ಸಾರ್!" ಅಭ್ಯಾಸಬಲ, ಬಾಯಿ ತಡೆಯಲಿಲ್ಲ.

"ತಪ್ಪಾಯ್ತು ಅಂತ ಪತ್ರಿಕೆಯೋರು ಹಾಕ್ತಾರಲ್ಲ, ಅದೆಲ್ಲಿ?"

"ತಿದ್ದುಪಡಿ... ಅದೊಂದಿಲ್ಲ ಸಾರ್."

"ಹಾಗಾದ್ರೆ ಈಗಲೇ ಬರೀರಿ."

"ಸಾರ್, ಅದನ್ನ ಒಳಪುಟದ ಮೂಲೇಲಿ, ಸಣ್ಣಕ್ಷರದಲ್ಲಿ ಹಾಕೋದು ಪದ್ಧತಿ..."

"ನಮ್ಮನೇಲಿ ಮುಖಪುಟದಲ್ಲೇ ಹಾಕೋದು. ದಪ್ಪಕ್ಷರದಲ್ಲಿ!" ಎಂದ ಮಾಲೀಕರು ರಟ್ಟನ್ನು ನನ್ನ ಕೈಗಿತ್ತು, ಅದನ್ನು ತೂಗುಹಾಕಲು ಬೀದಿಗೆ ಮುಖ ಮಾಡಿದ ಗೇಟಿನತ್ತ ಕೈ ತೋರಿಸಿದರು.