ಸುಮ್ಮನೆ ಬೆಟ್ಟ ಹತ್ತಿದವರು

ಸುದ್ದಿಮನೆಯಲ್ಲಿ ಕೂತು ಕೂದಲು ನೆರೆಸಿಕೊಂಡ ಮೇಲೆ ನನಗೆ ಮನದಟ್ಟಾದ ಸಂಗತಿಯೆಂದರೆ, ಜನ ಸುಳ್ಳಿಗೆ ಕಾರಣ ಕೇಳುವುದಿಲ್ಲ, ನಿಜಕ್ಕೆ ಕೇಳುತ್ತಾರೆ. ತದಡಿಯಲ್ಲಿ ಮೀನೊಂದು ತೆಂಗಿನಮರ ಹತ್ತಿತೆಂದರೆ ‘ಹೌದಾ? ಯಾವ ಮೀನು?’ ಎನ್ನುತ್ತಾರೆ. ಒಬ್ಬ ಮನುಷ್ಯ ಕೆಲಸವಿಲ್ಲದೆ, ಹರಕೆಯಿಲ್ಲದೆ ಬೆಟ್ಟ ಹತ್ತಿದನೆಂದರೆ ಮಾತ್ರ ‘ಅದೆಂತಕ್ಕೆ?’ ಎಂದು ತಡೆದು ನಿಲ್ಲಿಸುತ್ತಾರೆ.

ಚಲೇಜಾವ್ ಚಳವಳಿಯ ಮರುವರ್ಷ ಚಳಿಗಾಲದಲ್ಲಿ ನಾನೂ ನನ್ನ ಗೆಳೆಯ ಪಾಂಡುರಂಗ ಮಾಸ್ತರರೂ ಹಾಗೆ ಹತ್ತಿದೆವು. ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿ, ಅಲ್ಲಿಂದ ಮೂರು ದಿನ ಕಾಡುದಾರಿ, ಕತ್ತಲಾದಲ್ಲಿ ಬಯಲಿಗೆ ಕಂಬಳಿ ಹಾಸಿ ನಿದ್ರೆ. ಆಕಾಶದ ಕೆಳಗಿನ ಆ ನಿದ್ರೆ ನನ್ನ ಬಹುದಿನದ ಆಸೆ. ಕುಮಟೆಯ ಮನೆಯಿಂದ ಹೊರಡುವಾಗ ಹೆಂಡತಿ, ‘ಜಗಳಾನೂ ಆಗ್ಲಿಲ್ಲ, ಮಂಚಾನೂ ಮುರೀಲಿಲ್ಲ. ನೆರೆಯವರು ಕೇಳಿದ್ರೆ ನಾ ಎಂತ ಹೇಳೂದು?’ ಎಂದಳು. ಇದ್ದದ್ದನ್ನು ಹೇಳು ಎಂದೆ. ಅವಳು ನಾನು ಭಟ್ಕಳಕ್ಕೆ ಮದುವೆಗೆ ಹೋಗಿದ್ದೇನೆಂದು ಹೇಳಿದಳಂತೆ. ಎಲ್ಲರೂ ನಂಬಿದರು.

ಮೊದಲ ದಿನ ಸಂಜೆ ಹಳ್ಳದ ದಂಡೆಯಲ್ಲಿ ಕಂಬಳಿ ಬಿಚ್ಚುತ್ತಿದ್ದೆವು. ಹತ್ತಿರದ ಮನೆಯ ನಾಗು ಗೌಡ ದನ ಹೊಡೆದುಕೊಂಡು ಬಂದವನು ನಮ್ಮನ್ನು ಕಂಡು ನಿಂತ.

‘ಎಲ್ಲಿಗೆ ಒಡ್ಯಾ?’

‘ಎಲ್ಲಿಗೂ ಇಲ್ಲ. ಸುಮ್ಮನೆ ಬೆಟ್ಟ ತಿರುಗುತ್ತಿದ್ದೇವೆ.’

‘ಸುಮ್ನೆಯಾ?’ ಅವನು ಸುತ್ತ ನೋಡಿ ದನಿ ಇಳಿಸಿದ. ‘ಆತು, ಆತು. ನಂಗೆ ಗೊತ್ತಾತು. ಕಂಬಳಿ ಮಡಚಿ. ಬಯಲಲ್ಲಿ ಕಂಡ್ರೆ ಪೊಲೀಸ್ರು ಬಿಡೂದಿಲ್ಲ.’

ಆ ವರ್ಷ ಘಟ್ಟದ ಕಾಡಿನಲ್ಲಿ ಚಳವಳಿಯವರು ತಲೆಮರೆಸಿಕೊಂಡಿದ್ದರು. ಅವನು ಕರೆದೊಯ್ದ ಮನೆಯಂಗಳದಲ್ಲಿ ನಿಂತು, ನಾವು ಅವರಲ್ಲವೆಂದು ಸ್ಪಷ್ಟಪಡಿಸಿದೆ. ಆದರೆ ನಿಜವಾದ ಚಳವಳಿಯವರಾದರೂ ಇನ್ನೇನು ಹೇಳುತ್ತಾರೆ? ನಾನು ಪತ್ರಿಕೆಯವನೆಂದೆ, ಅವನು ಹೆಗಲ ಮೇಲಿನ ಪಂಜಿ ತೆಗೆದು ಸೊಂಟಕ್ಕೆ ಸುತ್ತಿ ಇನ್ನಷ್ಟು ಬಾಗಿದ. ಒಂದು ಸುದ್ದಿಗೆ ಎರಡು ಬಾಯಿ ಬೇಕೆಂಬುದು ನಮ್ಮ ಕಚೇರಿಯ ನಿಯಮವಾದ್ದರಿಂದ ಮಾಸ್ತರರಿಂದಲೂ ಅದನ್ನೇ ಹೇಳಿಸಿದೆ. ‘ಕಂಡ್ಯೇನೆ?’ ಎಂದ ಅವನು ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ, ‘ಇಬ್ಬರದೂ ಒಂದೇ ಮಾತು. ಜೀವ ಹೋದ್ರೂ ಬಾಯಿ ಬಿಡೂರಲ್ಲ.’ ಗಂಜಿ, ಸುಟ್ಟ ಒಣಮೀನು ಉಣ್ಣಿಸಿ ನಮ್ಮನ್ನು ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲಿನೊಳಗೆ ಹುಗಿದ. ನಾನು ಬಯಸಿದ ಆಕಾಶ ಹೊರಗಿತ್ತು. ನಮ್ಮ ಪಾಲಿಗೆ ಉಣ್ಣಿ, ಕೆಳಗೆ ಎಮ್ಮೆಯ ನಿಟ್ಟುಸಿರು. ನಗುವ ಮಾತಲ್ಲ, ನನಗೆ ಭಯವೇ ಆಗಿತ್ತು. ಯಾರಾದರೂ ಚಾಡಿ ಹೇಳಿದರೆ ಕೋಳ ಬೀಳುವುದು ನಾಗು ಗೌಡನ ಕೈಗೆ, ಅದೂ ಹವಾ ತಿನ್ನಲು ಹೊರಟ ಇಬ್ಬರು ಹೊಟ್ಟೆ ತುಂಬಿದವರಿಗಾಗಿ. ಬೆಳಿಗ್ಗೆ ಮತ್ತೆ ಬಿಡಿಸಿ ಹೇಳಿದೆ. ‘ಹೆದ್ರಬೇಡಿ ಒಡ್ಯಾ’ ಎಂದು ಅವನೇ ನನಗೆ ಧೈರ್ಯ ತುಂಬಿದ.

ಎರಡನೆಯ ದಿನ ನಮಗಿಂತ ಮೊದಲೇ ಸುದ್ದಿ ಬೆಟ್ಟ ಹತ್ತಿತ್ತು. ಮುಂದಿನ ಊರಿನ ಮನೆಯವರು ದಾರಿಯಲ್ಲೇ ಎದುರಾಗಿ ಕರೆದೊಯ್ದು, ಬೆಲ್ಲದ ನೀರು ಕೊಟ್ಟು, ಭತ್ತದ ಕಣಜದ ಹಿಂದೆ ಚಾಪೆ ಹಾಸಿದರು. ಮಕ್ಕಳು ದೂರದಿಂದ ಕೈಮುಗಿದರು. ನಾನು ಅಲ್ಲಿಯೂ ನಿಜವನ್ನೇ ಹೇಳಿದೆ. ಆದರೆ ದನಿ ಯಾಕೋ ತಾನಾಗಿ ತಗ್ಗಿತ್ತು.

‘ಹೀಗೆ ಪಿಸುಗುಟ್ಟಿ ಹೇಳಿದರೆ ಯಾರು ನಂಬುತ್ತಾರೆ ಮಾರಾಯ್ರೆ?’ ಎಂದರು ಮಾಸ್ತರರು.

‘ಗಟ್ಟಿಯಾಗಿ ಹೇಳಿದರೆ ಪೊಲೀಸರಿಗೆ ಕೇಳುತ್ತದೆ’ ಎಂದೆ.

ಮೂರನೆಯ ಸಂಜೆ ಬೆಟ್ಟದ ಆಚೆ ಮಗ್ಗುಲಿಗೆ ಇಳಿದೆವು. ಒಂಟಿ ಮನೆಯ ಅಂಗಳದಲ್ಲಿ ಸುಬ್ಬಿ ಎಂಬ ಮುದುಕಿ ಕಸಬರಿಗೆ ಕಟ್ಟುತ್ತಿದ್ದಳು. ‘ಎಂತಕ್ಕೆ ಬಂದ್ರಿ?’ ಎಂದಳು. ನಾನು ಅತ್ತಿತ್ತ ನೋಡಿ, ‘ಸುಮ್ಮನೆ, ಬೆಟ್ಟ ತಿರುಗಲು’ ಎಂದೆ.

‘ಹೌದು, ಕಂಡ್ರೇ ಗೊತ್ತಾತದೆ. ತಿಂದದ್ದು ಕರಗೂಕೆ ತಿರುಗೂದು ಒಳ್ಳೇದು’ ಎಂದು ಅಂಗಳ ತೋರಿಸಿದಳು. ‘ಅಲ್ಲೇ ಹಾಸ್ಕಣಿ. ಗಾಳಿ ಚಲೋ ಬರ್ತದೆ.’

ಅಂತೂ ತಲೆಯ ಮೇಲೆ ಸೂರಿಲ್ಲದ ಜಾಗ ಸಿಕ್ಕಿತು. ನಮ್ಮಿಂದ ಈ ಮುದುಕಿಗೆ ತೊಂದರೆಯ ಭಯವೂ ಇರಲಿಲ್ಲ. ಮಾಸ್ತರರು ಕಾಲು ಚಾಚಿ ಆಕಳಿಸಿದರು. ನನಗೆ ಮಾತ್ರ ಕಂಬಳಿಯೆಲ್ಲ ಚುಚ್ಚುತ್ತಿತ್ತು. ಎದ್ದು ಜಗುಲಿಯ ಹತ್ತಿರ ಹೋಗಿ, ಒಮ್ಮೆ ಕೆಮ್ಮಿ, ಆದಷ್ಟು ತಗ್ಗಿದ ದನಿಯಲ್ಲಿ, ‘ಈ ಕಡೆ ಪೊಲೀಸರು ಬರುವುದುಂಟೇ?’ ಎಂದು ಕೇಳಿದೆ.

‘ಬಂದ್ರೆ ಬರ್ಲಿ’ ಎಂದಳು ಸುಬ್ಬಿ, ಕಸಬರಿಗೆಯಿಂದ ಕಣ್ಣೆತ್ತದೆ. ‘ನಿಮ್ಮನ್ನ ಎಂತಕ್ಕೆ ಹಿಡೀತ್ರು? ಹೋಗಿ ಮಲ್ಕಣಿ.’